ಮಣ್ಣಿಗೆ ಯಾವ ಲಾಂಛನ?

ದಫನಭೂಮಿಗೆ ಎಲ್ಲ ಧರ್ಮೀಯರಿಗೂ ಅರ್ಥವಾಗುವಂತಹ ಸಾರ್ವಜನಿಕ ಚಿಹ್ನೆಯೊಂದು ಬೇಕೆಂಬ ವಿಚಾರ ಬಂದಾಗಲೆಲ್ಲ ಸುಲಭದ ಉತ್ತರವೊಂದು ಸಿದ್ಧವಾಗಿರುತ್ತದೆ: ಕ್ರೈಸ್ತರಿಗೆ ಶಿಲುಬೆ, ಮುಸ್ಲಿಮರಿಗೆ ಅರ್ಧಚಂದ್ರ, ಹಿಂದೂಗಳಿಗೆ ಚಿತೆಯ ಜ್ವಾಲೆ. ಮೂರು ಫಲಕ ಬರೆಸಿದರೆ ಸರ್ವಧರ್ಮ ಸಮಭಾವ ಸಾಧಿಸಿದಂತಾಯಿತು! ನೋಡಲು ನ್ಯಾಯವಾಗಿ ಕಾಣುವ ಈ ಹಂಚಿಕೆ ಸತ್ಯಕ್ಕೆ ದೂರವಾದದ್ದು.

ಕರ್ನಾಟಕವನ್ನೇ ನೋಡಿ. ಲಿಂಗಾಯತರು ಮೃತದೇಹವನ್ನು ಕುಳ್ಳಿರಿಸಿ ಸಮಾಧಿ ಮಾಡುತ್ತಾರೆ. ದಲಿತರಲ್ಲಿಯೂ ಹಿಂದುಳಿದ ಹಲವು ಸಮುದಾಯಗಳಲ್ಲಿಯೂ ಹೂಳುವ ಪದ್ಧತಿಯಿದೆ. ದಹನ ಮಾಡುವ ಮನೆತನಗಳಲ್ಲಿಯೂ ಎಳೆಗೂಸು ತೀರಿಕೊಂಡರೆ ಮಣ್ಣಿಗಿಡುವುದೇ ವಾಡಿಕೆ. ಇವರೆಲ್ಲರ ನೆಲಕ್ಕೆ ಜ್ವಾಲೆಯ ಚಿತ್ರ ಬರೆಯುವುದೆಂದರೆ, ಹೂಳುವುದು ಪರಕೀಯರ ರೂಢಿ ಎಂಬ ರಾಜಕೀಯಕ್ಕೆ ಸರ್ಕಾರಿ ಬಣ್ಣದಲ್ಲಿ ಪುರಾವೆ ಒದಗಿಸಿದಂತೆ. 2017ರ ಉತ್ತರ ಪ್ರದೇಶ ಚುನಾವಣೆಯ ಪ್ರಚಾರದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಖಬರಸ್ಥಾನ ಮತ್ತು ಸ್ಮಶಾನಗಳನ್ನು ಎದುರುಬದುರು ನಿಲ್ಲಿಸಿ ಮಾತನಾಡಿದ್ದರು. ಆ ಮಾತು ಅಷ್ಟು ದೂರ ಹೋದದ್ದು ಈ ತಪ್ಪು ಚಿತ್ರ ಮೊದಲೇ ಮನಸ್ಸುಗಳಲ್ಲಿ ಇದ್ದುದರಿಂದ.

ಇನ್ನು ಅರ್ಧಚಂದ್ರ. ಪವಿತ್ರ ಕುರ್‌ಆನ್ ಚಂದ್ರನನ್ನು ಕಾಲಗಣನೆಯ ಸಾಧನವೆನ್ನುತ್ತದೆ, ಧರ್ಮದ ಮುದ್ರೆ ಎನ್ನುವುದಿಲ್ಲ. 1876ರಲ್ಲಿ ಯುದ್ಧಕ್ಕಿಳಿದ ಉಸ್ಮಾನಿಯಾ ಸಾಮ್ರಾಜ್ಯವು ರೆಡ್ ಕ್ರಾಸ್‌ನ ಶಿಲುಬೆಯ ಬದಲಿಗೆ ತನ್ನ ಧ್ವಜದ ಚಂದ್ರನನ್ನು ಮುಂದಿಟ್ಟಿತು. 1929ರ ಜಿನೀವಾ ಒಪ್ಪಂದ ಅದಕ್ಕೆ ಮನ್ನಣೆ ಕೊಟ್ಟಿತು. ಅಷ್ಟಕ್ಕೇ ಜಗಳ ಮುಗಿಯದೆ, ಯಾವ ಧರ್ಮಕ್ಕೂ ಸೇರದ ಕೆಂಪು ಸ್ಫಟಿಕವೆಂಬ ಮೂರನೆಯ ಲಾಂಛನವನ್ನು 2005ರಲ್ಲಿ ಅಂಗೀಕರಿಸಬೇಕಾಯಿತು. ಒಂದು ರಾಜಮನೆತನದ ಧ್ವಜಚಿಹ್ನೆಯನ್ನು ನಾವು ದೀನಿನ ಭಾಗವೆಂದು ನಂಬಿ, ಅದನ್ನು ಅಳಿಸಿದರೆ ಇಸ್ಲಾಮೇ ಅಪಾಯದಲ್ಲಿದೆ ಎಂದು ಕೂಗುತ್ತೇವೆ.

ಪ್ರವಾದಿವರ್ಯರು(ಸ) ಕಬರ್‌ಗೆ ಗಾರೆ ಬಳಿಯುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ನಿಷೇಧಿಸಿದ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದರೆ ಗುರುತನ್ನು ಅವರು ನಿಷೇಧಿಸಲಿಲ್ಲ. ಉಸ್ಮಾನ್ ಬಿನ್ ಮಝ್‌ಊನ್(ರ)ರವರನ್ನು ದಫನ ಮಾಡಿದ ಬಳಿಕ ತಾವೇ ಕಲ್ಲೊಂದನ್ನು ಹೊತ್ತು ತಂದು ತಲೆಯ ಬಳಿ ಇಟ್ಟರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ಮಣ್ಣಿನ ದಿಬ್ಬ, ತಲೆಯ ಬಳಿ ಒಂದು ಕಲ್ಲು. ಕ್ರೈಸ್ತನಿಗೂ ಲಿಂಗಾಯತನಿಗೂ ಯಹೂದಿಗೂ ಅಕ್ಷರ ಬಾರದವನಿಗೂ ಇದು ಅರ್ಥವಾಗುತ್ತದೆ. ಸಾರ್ವಜನಿಕ ಚಿಹ್ನೆಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಯೂನಿಕೋಡ್ 2005ರಲ್ಲಿ ಶವಪೆಟ್ಟಿಗೆಗೆ ಚಿಹ್ನೆ ಕೊಟ್ಟಿತು. ಪೆಟ್ಟಿಗೆಯಿಲ್ಲದೆ ಬರಿಯ ಕಫನ್‌ನಲ್ಲಿ ಮಣ್ಣು ಸೇರುವವರಿಗೆ ಅದರಿಂದ ಏನೂ ತಿಳಿಯದು.

ಆದರೆ ನಮ್ಮ ಜಮಾಅತ್‌ಗಳಿಗೆ ಕಲ್ಲು ಸಾಲದು. ದಾನಿಗಳ ಹೆಸರು ಕೆತ್ತಿದ ಕಮಾನು ಬೇಕು, ಅದರ ನೆತ್ತಿಗೆ ದೀಪದ ಚಂದ್ರ ಬೇಕು. ಅದೇ ಕಮಾನಿನ ಕೆಳಗೆ, ಸತ್ತವನು ಆ ಪಂಗಡದವನು, ಈ ಮಸೀದಿಯ ಚಂದಾ ಬಾಕಿಯಿಟ್ಟವನು ಎಂದು ಮಯ್ಯಿತ್ತನ್ನು ತಡೆಯಲು ನಮಗೆ ಸಂಕೋಚವಿಲ್ಲ. ಯಹೂದಿಯೊಬ್ಬನ ಶವ ಸಾಗುವಾಗ ಎದ್ದುನಿಂತ ಪ್ರವಾದಿಯ(ಸ) ಅನುಯಾಯಿಗಳು ನಾವು!

ಚಿಹ್ನೆಯ ಸಮಾನತೆ ನೆಲದ ಸಮಾನತೆಯಲ್ಲ ಎಂಬುದಕ್ಕೆ ಬ್ರಿಟಿಷರದೇ ನಿದರ್ಶನವಿದೆ. ಮೊದಲ ಮಹಾಯುದ್ಧದಲ್ಲಿ ಮಡಿದವರಿಗೆ ದರ್ಜೆಯ ಭೇದವಿಲ್ಲದೆ ಒಂದೇ ಅಳತೆಯ ಕಲ್ಲು, ಅದರ ಮೇಲೆ ಅವರವರ ಧರ್ಮದ ಗುರುತು ಎಂಬುದು 1917ರಲ್ಲಿ ಸ್ಥಾಪನೆಯಾದ ಯುದ್ಧಸಮಾಧಿ ಆಯೋಗದ ಹೆಮ್ಮೆಯಾಗಿತ್ತು. ಅದೇ ಸಂಸ್ಥೆಯ ತನಿಖಾ ಸಮಿತಿ 2021ರಲ್ಲಿ ಬೇರೆಯೇ ಕಥೆ ಹೇಳಿತು: ಬಹುತೇಕ ಆಫ್ರಿಕನ್ನರಾಗಿದ್ದ ಕನಿಷ್ಠ 1,16,000 ಮಂದಿ ಹೆಸರಿನ ಸ್ಮರಣೆಯೂ ಇಲ್ಲದೆ ಉಳಿದಿದ್ದರು, ಆ ಸಂಖ್ಯೆ 3,50,000ದವರೆಗೂ ಇರಬಹುದು.

ಆದ್ದರಿಂದ ಫಲಕದ ಮೇಲೆ ದಿಬ್ಬ ಮತ್ತು ಕಲ್ಲಿರಲಿ. ಕೆಳಗೆ ಸ್ಥಳದ ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಕನ್ನಡದಲ್ಲಿರಲಿ. ಒತ್ತುವರಿದಾರನಿಗೆ ಚಂದ್ರನ ಭಯವಿಲ್ಲ, ಸರ್ವೆ ನಂಬರಿನ ಭಯವಿದೆ. ಸ್ಮಶಾನಕ್ಕೆ ನೆಲವೇ ಇಲ್ಲದೆ ಹಳ್ಳದ ಬದಿಯಲ್ಲಿ ಹೆಣ ಹೂಳುವ ದಲಿತ ಕೇರಿಗಳಿಗೆ ಮೊದಲು ನೆಲ ಸಿಗಲಿ, ಅಲ್ಲಿಗೂ ಇದೇ ಫಲಕ ಬರಲಿ. ನಮ್ಮ ಮಸೀದಿಗಳ ಆಡಳಿತ ಸಮಿತಿಗಳು ಮುಂದಿನ ಸಭೆಯಲ್ಲಿ ಕಮಾನಿನ ಅಂದಾಜುಪಟ್ಟಿಯನ್ನು ಬದಿಗಿಟ್ಟು, ಯಾವ ಪಂಗಡದ ಮಯ್ಯಿತ್ತನ್ನೂ ಹಿಂದಕ್ಕೆ ಕಳುಹಿಸುವುದಿಲ್ಲವೆಂದು ನಿರ್ಣಯ ಪುಸ್ತಕದಲ್ಲಿ ಬರೆಯಲಿ.