ರಿವರ್ ವ್ಯೂಗೆ ಬಾಡಿಗೆ ಕೊಟ್ವಿ, ಗೋಡೆ ಮೇಲಿನ ಗೆರೆ ಬಗ್ಗೆ ಯಾರೂ ಹೇಳಲಿಲ್ಲ

1/8

ಈ ಮೊದಲನೇ ಫೋಟೋ ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಬೆಳಗ್ಗೆ ಆರೂವರೆ, ಕಾವೇರಿ ಮೇಲೆ ಮಂಜು, ಆಚೆ ದಡದಲ್ಲಿ ಬಿದಿರು, ಈಚೆ ಕಡೆ ನನ್ನ ಕಾಫಿ ಲೋಟ. ಈ ವರ್ಷ ಜನವರಿಯಲ್ಲಿ ಹಾಕಿದ್ದು. ಈ ಪೇಜಲ್ಲಿ ಅತಿ ಹೆಚ್ಚು ಲೈಕ್ ಬಂದಿರೋದೂ ಇದಕ್ಕೇ. "ಅಕ್ಕಾ ಇದು ಕುಶಾಲನಗರಾನಾ?", "ಬಾಡಿಗೆ ಎಷ್ಟು?", "ನಮಗೂ ಇಂಥಾ ಮನೆ ಹುಡುಕಿಕೊಡಿ" ಅಂತ ಕಮೆಂಟ್ ಮೇಲೆ ಕಮೆಂಟ್.

ಹೋದ ವಾರ ಒಂದು ಮೆಸೇಜ್ ಬಂತು. ಫಸ್ಟ್ ಇಯರ್ ಹುಡುಗಿ, ರಾಯಚೂರು ಕಡೆಯವಳು. "ಅಕ್ಕಾ, ನೀವು ಬಿಟ್ಟ ಮನೆ ನೋಡ್ಕೊಂಡು ಬಂದ್ವಿ. ಹೊಸ ಪೇಂಟ್ ಆಗಿದೆ, ಸೂಪರ್ ಇದೆ. ನಿಮ್ಮ ರೀಲ್ ನೋಡಿದ ಮೇಲೆ ಅಲ್ಲೇ ಇರಬೇಕು ಅನ್ಸಿದೆ. ನಾಳೆ ಅಡ್ವಾನ್ಸ್ ಕೊಡ್ಲಾ?"

ಅವಳಿಗೆ ಅವತ್ತೇ ಫೋನ್ ಮಾಡಿ ಮಾತಾಡಿದೆ. ಆದ್ರೆ ಮೆಸೇಜ್ ಮಾಡದೇನೇ ಅಡ್ವಾನ್ಸ್ ಕೊಡೋರು ಎಷ್ಟು ಜನ ಇದ್ದಾರೋ. ಅದಕ್ಕೇ ಈ ಎಂಟು ಕ್ಯಾಪ್ಷನ್. ಆ ಹೊಸ ಪೇಂಟ್‌ಗೆ ದುಡ್ಡು ಕೊಟ್ಟಿದ್ದು ನಾವು. ಅದರ ಕೆಳಗೆ ಏನಿದೆ ಅಂತ ಹೇಳ್ತೀನಿ, ಪೂರ್ತಿ ಓದಿ.

2/8

ಬೀರು ಹಿಂದಿನ ಗೋಡೆ. ಟಾರ್ಚ್ ಹಿಡ್ಕೊಂಡು ತೆಗೆದಿದ್ದು, ಅಷ್ಟು ಚೆನ್ನಾಗಿ ಬಂದಿಲ್ಲ. ಬಣ್ಣ ಚಕ್ಕೆ ಎದ್ದಿರೋ ಕಡೆ ಅಡ್ಡಕ್ಕೆ ಒಂದು ಕಂದು ಗೆರೆ ಇದೆಯಲ್ಲ, ಅದು ನನ್ನ ಸೊಂಟದ ಮಟ್ಟ.

ನಾವು ನಾಲ್ಕು ಜನ ಮನೆ ನೋಡಿದ್ದು ಹೋದ ಡಿಸೆಂಬರ್‌ನಲ್ಲಿ. ಬ್ರೋಕರ್ ಮೊದಲು ರೂಮ್ ತೋರಿಸಲಿಲ್ಲ, ಸೀದಾ ಹಿಂದಿನ ಬಾಗಿಲು ತೆಗೆದ್ರು. ಹೊಳೆ ಕಾಣಿಸ್ತು. ಅಲ್ಲಿಗೆ ನಮ್ಮ ಬುದ್ಧಿ ಮುಗೀತು. ಊರೊಳಗೆ ಅಷ್ಟೇ ದೊಡ್ಡ ಮನೆ 7,500ಕ್ಕೆ ಸಿಗ್ತಿತ್ತು, ಇಲ್ಲಿ 9,000. ಜಾಸ್ತಿ 1,500 "ವ್ಯೂ"ಗೆ ಅಂತ ಅವರೇ ನಗಾಡ್ಕೊಂಡು ಹೇಳಿದ್ರು. ಅಡ್ವಾನ್ಸ್ 50,000. ಪ್ಲಗ್ ಪಾಯಿಂಟ್ ಎಲ್ಲಾ ಎದೆ ಮಟ್ಟಕ್ಕಿಂತ ಮೇಲಿತ್ತು. ಫೋನ್ ಚಾರ್ಜ್‌ಗಿಡೋಕೆ ಸ್ಟೂಲ್ ಬೇಕು ಅಂತ ನಾವು ರೀಲ್ ಮಾಡಿ ನಕ್ಕಿದ್ವಿ. ಯಾಕೆ ಅಷ್ಟು ಮೇಲಿದೆ ಅಂತ ಒಬ್ಬಳೂ ಕೇಳಲಿಲ್ಲ.

ಮಾರ್ಚ್‌ನಲ್ಲಿ ಬೀರು ಸರಿಸಿದಾಗ ಗೆರೆ ಕಾಣಿಸ್ತು. ಪಕ್ಕದ ಮನೆ ಆಂಟೀನ ಕೇಳಿದೆ.

"ಅದಾ? ಹದಿನೆಂಟನೇ ಇಸವಿದು. ಮಾರನೇ ವರ್ಷಾನೂ ಬಂತಲ್ಲ. ಯಾಕೆ, ನಿಮಗೆ ಹೇಳಿಲ್ವಾ?"

ಇಲ್ಲ. ಹೇಳಿರಲಿಲ್ಲ.

3/8

ಬೇರೆ ಜಿಲ್ಲೆಯಿಂದ ಬಂದಿರೋರಿಗೆ ಸ್ವಲ್ಪ ಹಿನ್ನೆಲೆ. 2018ರ ಆಗಸ್ಟ್‌ನಲ್ಲಿ ಕೊಡಗು ಅಂದ್ರೆ ಟಿವಿಯಲ್ಲಿ ಬರೀ ಗುಡ್ಡ ಕುಸಿತ. ಮಕ್ಕಂದೂರು, ಜೋಡುಪಾಲ. ಅದು ಸರಿಯೇ, ಅಲ್ಲಿ ಪ್ರಾಣ ಹೋಯ್ತು. ಆದ್ರೆ ಅದೇ ವಾರ ಕುಶಾಲನಗರದಲ್ಲಿ ಹೊಳೆ ಪಕ್ಕದ ಬಡಾವಣೆಗಳಿಗೆ ಕಾವೇರಿ ನುಗ್ಗಿತ್ತು. 2019ರ ಆಗಸ್ಟ್‌ನಲ್ಲಿ ಮತ್ತೆ. ಗುಡ್ಡದ ಸುದ್ದಿ ನೆನಪಿದೆ, ಬಡಾವಣೆ ಸುದ್ದಿ ಬಾಡಿಗೆಗೆ ಬರೋರ ತನಕ ಬರಲೇ ಇಲ್ಲ.

ಇಲ್ಲಿ ನೀರು ಹೇಗೆ ಬರುತ್ತೆ ಅಂತ ತಿಳ್ಕೊಳ್ಳಿ. ನಿಮ್ಮ ಮನೆ ಮೇಲೆ ಮಳೆ ಬರಬೇಕು ಅಂತಿಲ್ಲ. ತಲಕಾವೇರಿ, ಭಾಗಮಂಡಲದ ಕಡೆ ಸುರಿದಿದ್ದೆಲ್ಲಾ ನಾಪೋಕ್ಲು, ಸಿದ್ದಾಪುರ, ದುಬಾರೆ ದಾಟಿ ಇಲ್ಲಿಗೇ ಬರಬೇಕು. ಜೊತೆಗೆ ನಮ್ಮಿಂದ ಸ್ವಲ್ಪ ಕೆಳಗೆ, ಕೂಡಿಗೆ ಹತ್ತಿರ, ಹಾರಂಗಿ ಬಂದು ಕಾವೇರಿಗೆ ಸೇರುತ್ತೆ. ಡ್ಯಾಂ ತುಂಬಿ ಅಲ್ಲಿಂದ ಜೋರಾಗಿ ನೀರು ಬಿಟ್ಟಾಗ, ಇತ್ತ ಕಾವೇರೀನೂ ತುಂಬಿದ್ರೆ, ನೀರಿಗೆ ಮುಂದೆ ಹೋಗೋಕೆ ಜಾಗ ಸಾಲಲ್ಲ, ಹಿಂದಕ್ಕೆ ಒತ್ತುತ್ತೆ. ಕುಶಾಲನಗರದಲ್ಲಿ ಬಿಸಿಲು ಬಿದ್ದಿದ್ರೂ ಅಂಗಳಕ್ಕೆ ನೀರು ಬರಬಹುದು. ಚರಂಡಿ ಹೊಳೆಗೆ ಹೋಗೋ ಬದಲು ಹೊಳೆ ಚರಂಡಿಯಲ್ಲಿ ವಾಪಸ್ ಬರುತ್ತೆ.

ಇದು ಇಲ್ಲಿನವರಿಗೆಲ್ಲಾ ಗೊತ್ತಿರೋ ವಿಷಯ. ಗೊತ್ತಿಲ್ಲದೇ ಇರೋದು ನನಗೆ, ನಿಮಗೆ.

4/8

ಈ ಫೋಟೋದಲ್ಲಿ ಮೆಟ್ಟಿಲು ಎಣಿಸಿ. ಒಟ್ಟು ನಾಲ್ಕಿದೆ, ಕಾಣ್ತಿರೋದು ಎರಡು. ಈ ಜುಲೈ, ರಾತ್ರಿ ಹನ್ನೊಂದೂವರೆ.

ಓನರ್‌ಗೆ ಫೋನ್ ಮಾಡಿದ್ವಿ. "ಏನೂ ಆಗಲ್ಲಮ್ಮ, ಪ್ರತಿ ವರ್ಷ ಹೀಗೇ, ಇಳಿಯುತ್ತೆ" ಅಂದ್ರು. ಅವರಿರೋದು ಎತ್ತರದ ಜಾಗದಲ್ಲಿ, ಬೇರೆ ಮನೆಯಲ್ಲಿ. "ಪ್ರತಿ ವರ್ಷ ಹೀಗೇ" ಅನ್ನೋ ಮಾತು ಅಡ್ವಾನ್ಸ್ ತಗೊಳ್ಳೋವಾಗ ಎಲ್ಲಿತ್ತು ಅಂತ ಕೇಳ್ಬೇಕು ಅನ್ನಿಸ್ತು. ಕೇಳಲಿಲ್ಲ, ಭಯ ಆಗಿತ್ತು. ಮಾರ್ಕ್ಸ್ ಕಾರ್ಡ್, ಲ್ಯಾಪ್‌ಟಾಪ್, ನನ್ನ ರೂಮ್‌ಮೇಟ್‌ನ ಹೊಲಿಗೆ ಮೆಷಿನ್ (ಅವಳು ಬ್ಲೌಸ್ ಹೊಲಿದು ಫೀಸ್ ಕಟ್ತಾಳೆ) ಎಲ್ಲಾ ಅಟ್ಟಕ್ಕೆ ಏರಿಸಿ, ಆಂಟಿ ಜೊತೆ ಅವರ ತಂಗಿ ಮನೆಗೆ ಹೋದ್ವಿ.

ನೀರು ಮೂರನೇ ಮೆಟ್ಟಿಲು ಮುಟ್ಟಿ ನಿಂತಿತು. ಒಳಗೆ ಬರಲಿಲ್ಲ. ನಮ್ಮ ಪುಣ್ಯ ಅಷ್ಟೇ. ಆದ್ರೆ ಸಂಪ್‌ಗೆ ಕೆಸರು ನೀರು ಸೇರಿತ್ತು. ಒಂಬತ್ತು ದಿನ ಕ್ಯಾನ್ ನೀರು ತಂದು ಕುಡಿದ್ವಿ. ಸಂಪ್ ತೊಳೆಸಿದ ಖರ್ಚು ನಮ್ದೇ. ಆ ತಿಂಗಳ ಬಾಡಿಗೆಯಲ್ಲಿ ಒಂದು ರೂಪಾಯಿ ಕಡಿಮೆ ಆಗಲಿಲ್ಲ. ವ್ಯೂಗೆ ಅಂತ ಕೊಡ್ತಿದ್ದ 1,500 ಸೇರಿ ಪೂರ್ತಿ ಕೊಟ್ವಿ.

5/8

ನವೆಂಬರ್‌ನಲ್ಲಿ ಹನ್ನೊಂದು ತಿಂಗಳು ಮುಗೀತು, ಖಾಲಿ ಮಾಡಿದ್ವಿ. ಅಡ್ವಾನ್ಸ್ 50,000ದಲ್ಲಿ ಕೈಗೆ ಬಂದಿದ್ದು 38,000. 12,000 ಪೇಂಟಿಂಗ್‌ಗೆ. "ಗೋಡೆ ಹಾಳಾಗಿದೆ, ಬೀರು ಹಿಂದೆ ಎಲ್ಲಾ ಚಕ್ಕೆ ಎದ್ದಿದೆ" ಅಂದ್ರು.

ಲೆಕ್ಕ ನೋಡಿ. ಆ ಗೆರೆ ಎಳೆದಿದ್ದು ಕಾವೇರಿ. ಅದನ್ನ ಮುಚ್ಚಿಟ್ಟಿದ್ದು ಓನರ್. ಮತ್ತೆ ಮುಚ್ಚೋಕೆ ದುಡ್ಡು ನಮ್ದು. ಮುಂದೆ ಬರೋ ಹುಡುಗೀರಿಗೆ ಅದು ಕಾಣಬಾರದು ಅಂತ ನಾವೇ ಬಣ್ಣ ಕೊಡಿಸಿದಂಗಾಯ್ತು.

ಇದಕ್ಕೆ ಕಾನೂನು ಇಲ್ವಾ? ಇದೆ, 1882ರಿಂದ ಇದೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನ ಮೊದಲನೇ ಅಂಶವೇ ಇದು: ಸ್ವತ್ತಿನ ಬಳಕೆಗೆ ಸಂಬಂಧಪಟ್ಟ ಮುಖ್ಯ ದೋಷ ಮಾಲೀಕರಿಗೆ ಗೊತ್ತಿದ್ದು, ಬಾಡಿಗೆಗೆ ಬರೋರಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕಾಣೋಹಂಗಿಲ್ಲ ಅಂದ್ರೆ, ಮಾಲೀಕರು ಅದನ್ನ ಹೇಳಲೇಬೇಕು. ಸೊಂಟದ ತನಕ ನೀರು ನಿಂತ ಮನೆ, ಬಣ್ಣದ ಕೆಳಗೆ ಗೆರೆ. ಇದಕ್ಕಿಂತ ಮುಖ್ಯ ದೋಷ ಯಾವುದು? ಆದ್ರೆ ಒಂದು ಕಿವಿಮಾತು: ಅಗ್ರಿಮೆಂಟಲ್ಲಿ ಇದಕ್ಕೆ ವಿರುದ್ಧವಾಗಿ ಬರೆದಿದ್ರೆ ಅದೇ ನಡೆಯುತ್ತೆ. ಓದದೆ ಸಹಿ ಹಾಕಬೇಡಿ.

ಅಡ್ವಾನ್ಸ್ ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಠೇವಣಿ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಇರಬಾರದು ಅಂತಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾಯ್ದೆಯಲ್ಲಿ ತಂದ್ರೆ ತಾನೇ ಜಾರಿ. ಆದ್ರೂ ಚೌಕಾಸಿ ಮಾಡೋವಾಗ ಹೇಳೋಕೆ ಒಂದು ಮಾತಾಯ್ತು. ನಾವು ಕೊಟ್ಟಿದ್ದು ಐದೂವರೆ ತಿಂಗಳಿನದು.

6/8

ಈಗ ನಿಮ್ಮಲ್ಲಿ ಕೆಲವರು ಹೇಳೋದು ನನಗೆ ಗೊತ್ತು.

"ಹೊಳೆ ಪಕ್ಕ ಮನೆ ಮಾಡಿದ್ರೆ ನೀರು ಬರುತ್ತೆ, ಅಷ್ಟೂ ಗೊತ್ತಾಗಲ್ವಾ?" ಗೊತ್ತಾಗಲ್ಲ ಕಣ್ರಪ್ಪಾ. ಡಿಸೆಂಬರ್‌ನಲ್ಲಿ ಹೊಳೆ ಅಷ್ಟು ಕೆಳಗಿರುತ್ತೆ, ಬಂಡೆ ಕಾಣುತ್ತೆ, ಮಕ್ಕಳು ಆಡ್ತಿರುತ್ತಾರೆ. ಬಯಲುಸೀಮೆಯಲ್ಲಿ ಬೆಳೆದೋರಿಗೆ ಅದು ಎಂಟು ತಿಂಗಳಲ್ಲಿ ಎಲ್ಲಿ ತನಕ ಏರಬಹುದು ಅನ್ನೋ ಅಂದಾಜು ಎಲ್ಲಿಂದ ಬರಬೇಕು?

"ಓನರ್‌ಗಳೂ ಪಾಪ, ಜೀವಮಾನದ ಉಳಿತಾಯ ಹಾಕಿ ಸೈಟ್ ತಗೊಂಡಿದ್ದಾರೆ." ಒಪ್ತೀನಿ. ಅವರಿಗೂ ಒಂದು ಕಾಲದಲ್ಲಿ ಯಾರೋ ನಿಜ ಹೇಳದೆ ಮಾರಿರಬಹುದು. ಆದ್ರೆ ತಮಗಾದ ಮೋಸಾನ ಕೆಳಗಿನವರಿಗೆ ದಾಟಿಸೋದು ನ್ಯಾಯ ಅಲ್ಲ. ಮನೆ ಬಿದ್ರೆ ಸರ್ಕಾರ ಕೊಡೋ ದುಡ್ಡು ಮನೆ ಯಾರ ಹೆಸರಲ್ಲಿದೆಯೋ ಅವರಿಗೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಣೆ ಆಗಿತ್ತು. ಬೇರೆ ಊರಿನ ಆಧಾರ್ ಇಟ್ಕೊಂಡು, ಇಪ್ಪತ್ತು ರೂಪಾಯಿ ಛಾಪಾ ಕಾಗದ ಹಿಡ್ಕೊಂಡಿರೋ ನಾಲ್ಕು ಹುಡುಗೀರು ಯಾವ ಪಟ್ಟಿಗೆ ಬರ್ತಾರೆ?

ಇನ್ನೊಂದು ನೋಡಿ. ಕಾವೇರಿ ನಿಸರ್ಗಧಾಮ ಇಲ್ಲೇ ಪಕ್ಕದಲ್ಲಿದೆ. ಹೊಳೆ ತುಂಬಿದ್ರೆ ಅಲ್ಲಿಗೆ ಯಾರನ್ನೂ ಬಿಡಲ್ಲ, ದುಬಾರೆಯಲ್ಲಿ ದೋಣಿ ನಿಲ್ಲಿಸ್ತಾರೆ. ಒಂದು ಗಂಟೆ ಬಂದು ಹೋಗೋ ಟೂರಿಸ್ಟ್‌ಗೆ ಗೇಟ್ ಹಾಕ್ತಾರೆ. ಹನ್ನೊಂದು ತಿಂಗಳು ಅದೇ ಹೊಳೆ ಪಕ್ಕ ಮಲಗೋ ಬಾಡಿಗೆದಾರರಿಗೆ ಬೀದಿಯಲ್ಲಿ ಒಂದು ಬೋರ್ಡ್ ಇಲ್ಲ.

7/8

ಈ ಫೋಟೋ ನನ್ನ ಇಷ್ಟದ್ದು. ಹೊಳೆಮತ್ತಿ ಮರ, ಬಿಳಿ ಕಾಂಡ, ಅರ್ಧ ಬೇರು ನೀರಲ್ಲಿ. ಇದರ ಕೊಂಬೆ ಮೇಲೆ ದಿನಾ ಒಂದು ಮಿಂಚುಳ್ಳಿ ಬಂದು ಕೂರ್ತಿತ್ತು. ಎರಡು ಸಲ ನೀರುನಾಯಿ ಹಿಂಡೂ ನೋಡಿದ್ದೀನಿ. ನಾನು ಹೊಳೆ ದ್ವೇಷಿ ಅಲ್ಲ. ಆ ಮನೆ ಬಿಟ್ಟು ಬಂದ ದಿನ ಅತ್ತಿದ್ದೀನಿ.

ನಮ್ಮ ಸಾಲಲ್ಲಿ ಎರಡು ಮನೆಯವರು "ವ್ಯೂ ಅಡ್ಡ ಬರುತ್ತೆ" ಅಂತ ದಡದ ಮರ ಕಡಿಸಿದ್ರು. ಮುಂಗಾರು ಬಂದಾಗ ಆ ಎರಡು ಮನೆ ಹಿಂದಿನ ಮಣ್ಣೇ ಮೊದಲು ಕುಸೀತು. ಮತ್ತಿ, ಹೊಂಗೆ, ಬಿದಿರಿನ ಬೇರು ಹಿಡಿದಿದ್ದ ದಡ ಅದು. ಈಗ ಅಲ್ಲಿ ಕಲ್ಲಿನ ಗೋಡೆ ಕಟ್ಟಿಸ್ತಿದ್ದಾರೆ. ಅಲ್ಲಿ ತಡೆದ ನೀರು ಪಕ್ಕದವರ ಅಂಗಳ ಹುಡುಕಿಕೊಂಡು ಹೋಗುತ್ತೆ.

ಮರ ಕಡಿಸಿದ್ದು ಅವರು, ಸರಿ. ಆದ್ರೆ ಆ ವ್ಯೂಗೆ ಬೆಲೆ ಬಂದಿದ್ದು ಯಾರಿಂದ? ನನ್ನಂಥವಳ ರೀಲ್‌ನಿಂದ. ಮಂಜು, ಕಾಫಿ, ಹಿಂದೆ ಒಂದು ಹಾಡು. ಜುಲೈ ರಾತ್ರಿಯ ಮೆಟ್ಟಿಲ ಫೋಟೋ ನಾನು ಆಗಲೇ ಹಾಕಬೇಕಿತ್ತು. ಹಾಕಲಿಲ್ಲ, ಪೇಜಿನ ಮೂಡ್ ಕೆಡುತ್ತೆ ಅಂತ. ಓನರ್ ಗೋಡೆಗೆ ಬಣ್ಣ ಬಳಿದ್ರು, ನಾನು ಫಿಲ್ಟರ್ ಹಾಕಿದೆ. ಈ ವಿಷಯದಲ್ಲಿ ನಾನೂ ಪಾಲುದಾರಳೇ.

ಸಿದ್ದಾಪುರದ ಹತ್ತಿರ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಇದೇ ಹೊಳೆ ದಡದಲ್ಲಿ ಕೂಲಿ ಮಾಡೋರ ಮನೆಗಳಿವೆ. 2019ರಲ್ಲಿ ಅಲ್ಲಿ ಮನೆ ಕಳ್ಕೊಂಡೋರು ಇದ್ದಾರೆ. ಅವರು ದಡದಲ್ಲಿರೋದು ಬೇರೆ ಜಾಗ ಇಲ್ಲ ಅಂತ. ನಾವು 1,500 ಜಾಸ್ತಿ ಕೊಟ್ಟು ಹೋಗಿ ಕೂತಿದ್ವಿ.

8/8

ಕೊನೇದು. ಇದನ್ನ ಸೇವ್ ಮಾಡ್ಕೊಳ್ಳಿ. ಹೊಳೆ ಪಕ್ಕ ಮನೆ ನೋಡೋಕೆ ಹೋದಾಗ:

ಒಂದು, ಓನರ್‌ನ ನೇರವಾಗಿ ಕೇಳಿ: 2018, 2019ರಲ್ಲಿ ನೀರು ಎಲ್ಲಿ ತನಕ ಬಂದಿತ್ತು? ಉತ್ತರಾನ ಅಗ್ರಿಮೆಂಟಲ್ಲಿ ಒಂದು ಸಾಲು ಬರೆಸಿ. ಬರೆಯಲ್ಲ ಅಂದ್ರೆ ಅದೇ ಉತ್ತರ.

ಎರಡು, ಅದೇ ಪ್ರಶ್ನೆ ಪಕ್ಕದ ಮನೆಯವರಿಗೆ, ಮೂಲೆ ಅಂಗಡಿಯವರಿಗೆ ಕೇಳಿ. ಅವರಿಗೆ ಸುಳ್ಳು ಹೇಳೋ ಅವಶ್ಯಕತೆ ಇಲ್ಲ.

ಮೂರು, ಬೀರು ಸರಿಸಿ, ಬಾಗಿಲ ಚೌಕಟ್ಟಿನ ಕೆಳಭಾಗ ಮುಟ್ಟಿ ನೋಡಿ. ಪ್ಲಗ್ ಪಾಯಿಂಟ್ ಎಷ್ಟು ಎತ್ತರದಲ್ಲಿದೆ ನೋಡಿ. ಹೊಸ ಪೇಂಟ್ ನೋಡಿ ಖುಷಿ ಪಡಬೇಡಿ.

ನಾಲ್ಕು, ನೀರು ಬಂದ್ರೆ ಬಾಡಿಗೆ ಏನು, ಸಂಪ್ ತೊಳೆಸೋದು ಯಾರು, ಅಡ್ವಾನ್ಸಲ್ಲಿ ಏನು ಹಿಡೀತಾರೆ, ಮೊದಲೇ ಬರೆಸಿ. ಒಳಗೆ ಹೋಗೋ ದಿನ ಎಲ್ಲಾ ಗೋಡೆ ವಿಡಿಯೋ ಮಾಡಿಟ್ಕೊಳ್ಳಿ. ನಾವು ಮಾಡಿಟ್ಟುಕೊಳ್ಳಲಿಲ್ಲ, 12,000 ಹೋಯ್ತು.

ಐದು, ಜೂನ್ ಬಂದ ಮೇಲೆ ಕುಶಾಲನಗರದ ಆಕಾಶ ನೋಡಬೇಡಿ, ಭಾಗಮಂಡಲದ ಮಳೆ ನೋಡಿ, ಹಾರಂಗಿಯಿಂದ ಎಷ್ಟು ನೀರು ಬಿಟ್ರು ಅಂತ ನೋಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಾ ಮಳೆ ಅಂಕಿ ಹಾಕುತ್ತೆ.

ಊರಿನ ಆಡಳಿತಕ್ಕೆ ನಾವು ಕೇಳೋದು ಒಂದೇ. ಹೊಳೆ ಪಕ್ಕದ ಪ್ರತಿ ಬೀದಿಯ ಕರೆಂಟ್ ಕಂಬದ ಮೇಲೆ ಕೆಂಪು ಪಟ್ಟಿ ಬಳಿದು ಇಸವಿ ಬರೀರಿ. ಒಂದು ಡಬ್ಬ ಪೇಂಟ್ ಸಾಕು. ಗೋಡೆ ಒಳಗಿನ ಗೆರೆ ಮುಚ್ಚಬಹುದು, ಬೀದಿಯಲ್ಲಿರೋದನ್ನ ಮುಚ್ಚೋಕಾಗಲ್ಲ. ನಮ್ಮ ಕ್ಲಾಸಿಂದ ಸಹಿ ಸಂಗ್ರಹ ಶುರು ಮಾಡಿದ್ದೀವಿ, ಸೋಮವಾರ ಕ್ಯಾಂಟೀನ್ ಹತ್ತಿರ ಇರ್ತೀವಿ, ಬನ್ನಿ.

ಜನವರಿಯ ಆ ಕಾಫಿ ಲೋಟದ ಪೋಸ್ಟ್ ಡಿಲೀಟ್ ಮಾಡಲ್ಲ. ಅದೂ ನಿಜವೇ. ಆದ್ರೆ ಇವತ್ತಿಂದ ಅದರ ಕೆಳಗಿನ ಮೊದಲ ಕಮೆಂಟ್ ಆ ಗೆರೆಯ ಬಗ್ಗೆ ಇರುತ್ತೆ. ನಿಮ್ಮ ಹತ್ರಾನೂ ಇಂಥ ಮನೆಯ ಚಂದದ ಫೋಟೋ ಇದ್ರೆ, ಅದರ ಪಕ್ಕ ಜುಲೈ ಫೋಟೋನೂ ಹಾಕಿ.

ರಾಯಚೂರಿನ ಹುಡುಗಿ ಅಡ್ವಾನ್ಸ್ ಕೊಟ್ಟಿಲ್ಲ. ಮನೆ ಇನ್ನೂ ಖಾಲಿ ಇದೆ. ನಿಮ್ಮ ಜೂನಿಯರ್ಸ್‌ಗೆ ಇದನ್ನ ಕಳಿಸಿ.

#ಕುಶಾಲನಗರ #ಕಾವೇರಿ #ಬಾಡಿಗೆಮನೆ #ಗೆರೆತೋರಿಸಿ