ಬೆನ್ನ ಹಿಂದಿನ ದನಿ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಕ್ರಿಕೆಟ್, ಬ್ಯಾಡ್ಮಿಂಟನ್, ಈಜು ಇವುಗಳಿಗೆ ದೊರೆಯುವ ಆದರ ರಗ್ಬಿಗೆ ದೊರೆಯುವುದು ಅಪರೂಪ. ಮೈಗೆ ಮೈ ಬಡಿಯುವ ಆಟವೆಂಬ ಅಳುಕೇ ಇದಕ್ಕೆ ಕಾರಣ. ತಲೆಗೆ ಪೆಟ್ಟಾದೀತೆಂಬ ಆತಂಕ ನಿರಾಧಾರವೂ ಅಲ್ಲ. ಆದರೆ ಆ ಆಟದ ಅಭ್ಯಾಸಕ್ಕಾಗಿ ರೂಪಿಸಿದ ಕಿರು ಆಟಗಳು ಮಕ್ಕಳಿಗೆ ಮಾತನ್ನೂ ಕೂಡಿ ಯೋಚಿಸುವುದನ್ನೂ ಕಲಿಸುತ್ತವೆ. ಅವುಗಳನ್ನು ನಾವು ದೂರವಿಡಬಾರದೆಂಬುದು ನನ್ನ ಅಭಿಪ್ರಾಯ.

ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಚೆಂಡು ಹಿಡಿದವನ ದೃಷ್ಟಿ ಮುಂದಿರುವ ಎದುರಾಳಿಯ ಮೇಲಿರುತ್ತದೆ. ನೆರವಿಗೆ ಬರುವ ಗೆಳೆಯರೆಲ್ಲ ಹಿಂದಿರುತ್ತಾರೆ. ಕಾಣದವರು ತಾವಿರುವುದನ್ನು ತಿಳಿಸಲು ಕೂಗಲೇಬೇಕು. 'ಎಡಕ್ಕಿದ್ದೇನೆ', 'ಈಗ ಬೇಡ' ಎಂಬ ಒಂದು ಮಾತಿನಿಂದ ಆಟದ ಗತಿಯೇ ಬದಲಾಗುತ್ತದೆ. ನಮ್ಮ ಖೋ ಖೋ ಆಡಿದವರಿಗೆ ಇದು ಹೊಸದೇನಲ್ಲ. ಅಲ್ಲಿಯೂ ಬೆನ್ನ ಹಿಂದಿನಿಂದ 'ಖೋ' ಎಂಬ ದನಿ ಬಂದ ಮೇಲೆಯೇ ಕುಳಿತವನು ಏಳಬೇಕು.

ಚಿಕ್ಕವರಿಗೆ ಟ್ಯಾಕಲ್ ಅಗತ್ಯವೂ ಇಲ್ಲ. ಇಂಗ್ಲೆಂಡಿನ ರಗ್ಬಿ ವ್ಯವಸ್ಥೆಯಲ್ಲಿ 7 ಮತ್ತು 8 ವರ್ಷದೊಳಗಿನ ವರ್ಗಗಳು ಆಡುವುದು ಟ್ಯಾಗ್ ರಗ್ಬಿಯನ್ನು. ಪ್ರತಿ ಮಗುವಿನ ಸೊಂಟದ ಬೆಲ್ಟಿಗೆ ಎರಡು ಬಟ್ಟೆಯ ಪಟ್ಟಿಗಳಿರುತ್ತವೆ. ಎದುರಾಳಿ ಒಂದನ್ನು ಕಿತ್ತು 'ಟ್ಯಾಗ್' ಎಂದು ಕೂಗಿದೊಡನೆ ಚೆಂಡನ್ನು ಗೆಳೆಯನಿಗೆ ದಾಟಿಸಬೇಕು.

ಇದರ ಮೇಲೆ ತರಬೇತುದಾರರು ಬಗೆಬಗೆಯ ಕಟ್ಟಳೆಗಳನ್ನು ಹೂಡುತ್ತಾರೆ. ಮೂರು ನಿಮಿಷ ಯಾರೂ ಮಾತನಾಡದೆ ಆಡಬೇಕು. ಮುಂದಿನ ಮೂರು ನಿಮಿಷ ಮಾತನಾಡಬಹುದು. ವ್ಯತ್ಯಾಸವನ್ನು ಮಕ್ಕಳೇ ಗುರುತಿಸುತ್ತಾರೆ. ತಂಡದ ಎಲ್ಲರ ಕೈಗೂ ಚೆಂಡು ಬಂದ ನಂತರವೇ ಅಂಕ ಎಂಬುದು ಇನ್ನೊಂದು ಕಟ್ಟಳೆ. ಆಗ ಓಟದಲ್ಲಿ ಚುರುಕಾದವನೂ ಅಳುಕಿ ಅಂಚಿನಲ್ಲಿ ನಿಂತವನನ್ನು ಹುಡುಕಬೇಕಾಗುತ್ತದೆ. ನಡುವೆ ಮೈದಾನದ ಅಗಲವನ್ನು ಥಟ್ಟನೆ ಕಿರಿದುಗೊಳಿಸಿ, ಉಪಾಯ ಹೂಡಲು ತಂಡಕ್ಕೆ ಅರ್ಧ ನಿಮಿಷ ಕೊಡುವುದೂ ಉಂಟು.

ಈ ಬೋಧನಾಕ್ರಮಕ್ಕೆ ಶೈಕ್ಷಣಿಕ ಹಿನ್ನೆಲೆಯೂ ಇದೆ. ಲಫ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ 1982ರಲ್ಲಿ ಒಂದು ಮಾದರಿಯನ್ನು ಮುಂದಿಟ್ಟರು. ಕೌಶಲವನ್ನು ಬಿಡಿಬಿಡಿಯಾಗಿ ಉರು ಹೊಡೆಸುವ ಮೊದಲು ಸರಳಗೊಳಿಸಿದ ಆಟವನ್ನೇ ಆಡಿಸಿ, ಯಾವಾಗ ಏನು ಮಾಡಬೇಕೆಂಬ ವಿವೇಚನೆಯನ್ನು ಬೆಳೆಸಬೇಕೆಂಬುದು ಅದರ ತಿರುಳು. ಈ ಕ್ರಮದಲ್ಲಿ ಗುರುವಿನ ಕೆಲಸ ಉತ್ತರ ಹೇಳುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುವುದು: ಖಾಲಿ ಜಾಗ ಎಲ್ಲಿತ್ತು? ಅದನ್ನು ಮೊದಲು ಕಂಡವರಾರು? ಕಂಡದ್ದನ್ನು ಹೇಳಿದರೇ?

ಈ ಕೊನೆಯ ಪ್ರಶ್ನೆ ನಮ್ಮ ಮನೆಗಳಿಗೂ ಸಲ್ಲುತ್ತದೆ. ಹಿರಿಯರೆದುರು ತಗ್ಗಿ ನಡೆಯುವುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದು ಒಳ್ಳೆಯ ಗುಣವೇ. ಆದರೆ ಉತ್ತರ ತಿಳಿದಿದ್ದೂ ತರಗತಿಯಲ್ಲಿ ಕೈಯೆತ್ತದ ಮಗುವಿಗೆ, ಬಾಯಿಬಿಟ್ಟು ಹೇಳುವುದು ಉದ್ಧಟತನವಲ್ಲ, ಅದೂ ಒಂದು ನೆರವು ಎಂಬುದನ್ನು ಉಪದೇಶಕ್ಕಿಂತ ಆಟವೇ ಚೆನ್ನಾಗಿ ಮನಗಾಣಿಸುತ್ತದೆ. ಗೆರೆಯಾಚೆ ನಿಂತ ತಂದೆತಾಯಿಯರು ಮಾತ್ರ ಒಂದು ಸಂಯಮ ಪಾಲಿಸಬೇಕು. 'ಓಡು', 'ಅವನಿಗೆ ಕೊಡು' ಎಂದು ನಾವೇ ಕೂಗಿದರೆ ಮಕ್ಕಳ ಸಮಸ್ಯೆಯನ್ನು ನಾವು ಬಿಡಿಸಿದಂತಾಯಿತು. ಚಪ್ಪಾಳೆ ತಟ್ಟೋಣ, ಉತ್ತರ ಹೇಳದಿರೋಣ.

ಕನ್ನಡ ಸಂಘಗಳ ಮುಂದೆ ನನ್ನದೊಂದು ಸಲಹೆ. ಬೇಸಿಗೆಯ ವನಭೋಜನಗಳಲ್ಲಿ ಹಗ್ಗ ಜಗ್ಗಾಟದ ಜೊತೆಗೆ ಅರ್ಧ ಗಂಟೆ ಟ್ಯಾಗ್ ರಗ್ಬಿಯೂ ಇರಲಿ. ಬೆಲ್ಟುಗಳಿಗೆ ತಗಲುವ ಖರ್ಚು ಅಲ್ಪ; ಹುಡುಗ ಹುಡುಗಿಯರು ಒಟ್ಟಿಗೇ ಆಡಬಹುದು. ಅದಕ್ಕೆ ನಮ್ಮದೇ ಒಂದು ಕಟ್ಟಳೆ ಸೇರಲಿ: ಮೈದಾನದೊಳಗಿನ ಕೂಗೆಲ್ಲ ಕನ್ನಡದಲ್ಲಿರಬೇಕು. ರಾಜ್ಯೋತ್ಸವದ ವೇದಿಕೆಗಾಗಿ ನಾಲ್ಕು ಸಾಲು ಬಾಯಿಪಾಠ ಮಾಡುವ ಮಗುವಿಗೆ ಕನ್ನಡ ಪ್ರದರ್ಶನದ ಭಾಷೆಯಾಗಿಯಷ್ಟೇ ಉಳಿದುಬಿಡುವ ಅಪಾಯವಿದೆ. 'ಬಲಕ್ಕೆ ಬಾ', 'ನಾನಿಲ್ಲಿದ್ದೇನೆ', 'ತಡಿ' ಎಂದು ಗೆಳತಿಗೆ ತುರ್ತಾಗಿ ಕೂಗಿ ಹೇಳುವಾಗ ಅದು ಬಳಕೆಯ ಭಾಷೆಯಾಗುತ್ತದೆ. ಹತ್ತೇ ಪದಗಳಾದರೂ ಸರಿ, ಅವು ಮಕ್ಕಳ ನಾಲಗೆಯಲ್ಲಿ ನಿಲ್ಲುತ್ತವೆ.