ಎರಡನೆಯ ಹೆರಿಗೆಯೆಂದು ಉದಾಸೀನವೇಕೆ?

ನಮ್ಮ ಬಳ್ಳಾರಿ ಸೀಮೆಯಲ್ಲಿ ಚೊಚ್ಚಲ ಬಸುರಿಗೆ ನಡೆಯುವ ಉಪಚಾರ ದೊಡ್ಡದು. ಕುಬಸ, ಹಸಿರು ಬಳೆ, ಬಂಧುಬಳಗ ತರುವ ಬಗೆಬಗೆಯ ಬುತ್ತಿ, ಆಮೇಲೆ ತವರಿಗೆ ಪಯಣ. ಅಲ್ಲಿ ಹಡೆದವ್ವ ಪಕ್ಕದಲ್ಲೇ ಮಲಗುತ್ತಾಳೆ, ಅಣ್ಣ ಗಾಡಿ ಸಿದ್ಧವಿಟ್ಟುಕೊಂಡಿರುತ್ತಾನೆ. ಅದೇ ಹೆಣ್ಣುಮಗಳು ಎರಡನೆಯ ಸಲ ಬಸುರಿಯಾದಾಗ? ಒಂಬತ್ತು ತುಂಬಿದರೂ ಕೊಡ ಹೊರುವುದು, ರೊಟ್ಟಿ ಬಡಿಯುವುದು ತಪ್ಪುವುದಿಲ್ಲ. ಸೊಂಟದ ಮೇಲೆ ಮೊದಲ ಕೂಸು ಬೇರೆ. ‘ಒಂದು ಹಡೆದಾಳಲ್ಲ, ಇದೇನು ಹೊಸದಾ?’ ಎಂಬ ಮಾತು ಹಲಕುಂದಿಯ ಮನೆಗಳಲ್ಲೂ ಕೇಳುತ್ತದೆ, ಸಿರುಗುಪ್ಪದ ಭತ್ತದ ಗದ್ದೆಗಳಲ್ಲೂ, ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳಲ್ಲೂ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಎರಡನೆಯ ಹೆರಿಗೆಯ ಸಿದ್ಧತೆ ಮೊದಲನೆಯದಕ್ಕಿಂತ ಬೇಗ ಮುಗಿಯಬೇಕು.

ಕಾರಣ ಸರಳ. ಒಮ್ಮೆ ಮಗು ಹಾದುಹೋದ ದಾರಿ ಎರಡನೆಯ ಸಲ ಅಷ್ಟು ಸತಾಯಿಸುವುದಿಲ್ಲ. ಗರ್ಭಕೋಶದ ಬಾಯಿ ಬೇಗ ತೆರೆಯುತ್ತದೆ, ಮಗುವನ್ನು ಹೊರದೂಡುವ ಹಂತವೂ ಬೇಗ ಮುಗಿಯುತ್ತದೆ. ಚೊಚ್ಚಲಿನಲ್ಲಿ ರಾತ್ರಿ ನೋವು ಬಂದು ಮರುದಿನ ಮಧ್ಯಾಹ್ನ ಹೆರಿಗೆಯಾಗಿದ್ದರೆ, ಈ ಸಲವೂ ಅಷ್ಟು ಹೊತ್ತು ಸಿಗುತ್ತದೆಂದು ಲೆಕ್ಕ ಹಾಕಬೇಡಿ. ಆಟೋದಲ್ಲಿ, ಆಂಬುಲೆನ್ಸಿನಲ್ಲಿ ಹಡೆದವರನ್ನು ವಿಚಾರಿಸಿ ನೋಡಿ, ಅವರಲ್ಲಿ ಚೊಚ್ಚಲಿನವರು ವಿರಳ.

ಹಿರಿಯರ ಇನ್ನೊಂದು ಲೆಕ್ಕವಿದೆ: ‘ಹೊಟ್ಟೆ ಇನ್ನೂ ಇಳಿದಿಲ್ಲ, ದಿನ ಅದಾವು.’ ಚೊಚ್ಚಲಿನಲ್ಲಿ ಇದು ಬಹುಮಟ್ಟಿಗೆ ನಿಜ. ಮಗುವಿನ ತಲೆ ಹೆರಿಗೆಗೆ ಎರಡು ಮೂರು ವಾರ ಮುಂಚೆಯೇ ಕೆಳಗಿಳಿದು ಕೂರುತ್ತದೆ. ಎರಡನೆಯದರಲ್ಲಿ ಹಾಗಲ್ಲ. ಎಷ್ಟೋ ಸಲ ನೋವು ಶುರುವಾದ ಮೇಲೆಯೇ ತಲೆ ಇಳಿಯುತ್ತದೆ. ಹೊಟ್ಟೆ ಇಳಿಯಲೆಂದು ಕಾದು ಕುಳಿತವರಿಗೆ ಗಾಡಿ ಹುಡುಕಲು ಸಹ ಹೊತ್ತು ಸಿಗಲಿಕ್ಕಿಲ್ಲ. ನೋವು ಕ್ರಮವಾಗಿ ಬರತೊಡಗಿದರೆ ಹೊರಡಿ. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ತಲೆನೋವು ಬಂದು ಕಣ್ಣು ಮಂಜಾದರೆ ನೋವಿಗಾಗಿ ಕಾಯಲೇಬಾರದು. ಹಲಕುಂದಿಯವರಿಗೆ ಬಳ್ಳಾರಿ ಹತ್ತಿರ. ಸಿರುಗುಪ್ಪದ ಕಡೆಯವರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. 2008ರಿಂದ 108 ಆಂಬುಲೆನ್ಸ್ ಇದೆ, ನಿಜ. ಆದರೂ ನಡುರಾತ್ರಿ ಬಾಗಿಲು ತಟ್ಟಿದರೆ ಎದ್ದು ಬರುವ ಒಬ್ಬ ಗಾಡಿಯವನಿಗೆ ಎಂಟನೆಯ ತಿಂಗಳಲ್ಲೇ ಹೇಳಿಟ್ಟಿರಿ.

ಇನ್ನು ಯಾರೂ ಗಮನಿಸದ ಒಂದು ಸಂಗತಿ. ಮೊದಲ ಹೆರಿಗೆ ತವರಿನಲ್ಲಿ ಆಗಿರುತ್ತದೆ. ಅದರ ಕಾಗದಪತ್ರಗಳು ತವರಿನ ಟ್ರಂಕಿನಲ್ಲೇ ಉಳಿದಿರುತ್ತವೆ! ಎರಡನೆಯದಕ್ಕೆ ಗಂಡನ ಊರಿನ ಆಸ್ಪತ್ರೆಗೆ ಬಂದಾಗ ವೈದ್ಯರ ಕೈಯಲ್ಲಿ ಏನೂ ಇರುವುದಿಲ್ಲ. ‘ಆಗ ಸಿಸೇರಿಯನ್ ಯಾಕೆ ಮಾಡಿದರಮ್ಮಾ?’ ಎಂದರೆ ‘ನೀರು ಕಡಿಮೆ ಇತ್ತಂತ್ರಿ’ ಎಂಬ ಉತ್ತರ. ಹಡೆದ ಮೇಲೆ ರಕ್ತ ಬಹಳ ಹೋಗಿತ್ತೇ, ಬಿ.ಪಿ. ಏರಿತ್ತೇ, ಮಾಸನ್ನು ಕೈಹಾಕಿ ತೆಗೆದರೇ, ಮಗುವಿನ ತೂಕ ಎಷ್ಟಿತ್ತು? ಮೊದಲ ಸಲ ಬಂದ ತೊಂದರೆ ಎರಡನೆಯ ಸಲ ಮರುಕಳಿಸುವುದುಂಟು. ಮಾವನೋ ಮೈದುನನೋ ಬಸ್ಸು ಹತ್ತಿ ಹೋಗಿ ಆ ಕಾಗದಗಳನ್ನು ತರಲಿ, ತಾಯಿ ಕಾರ್ಡಿನ ಜೊತೆ ಒಂದೇ ಚೀಲದಲ್ಲಿರಲಿ.

ಆ ಕಾಗದದಲ್ಲಿ ರಕ್ತದ ಗುಂಪು ಇರುತ್ತದೆ. ತಾಯಿಯದು ‘ನೆಗೆಟಿವ್’ ಆಗಿದ್ದು ಮೊದಲ ಮಗು ‘ಪಾಸಿಟಿವ್’ ಆಗಿದ್ದರೆ, ಆಗ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಟ್ಟಿದ್ದರೇ ಎಂದು ನೋಡಬೇಕು. ಕೊಡದಿದ್ದರೆ ತಾಯಿಯ ರಕ್ತ ಎರಡನೆಯ ಮಗುವಿನ ರಕ್ತಕಣಗಳ ಮೇಲೆ ಹಗೆ ಸಾಧಿಸಬಹುದು. ಇದನ್ನು ತಿಳಿಯಲು ರಕ್ತಪರೀಕ್ಷೆಯಿದೆ; ಹೆರಿಗೆಯ ದಿನ ಕೇಳುವ ವಿಷಯ ಇದಲ್ಲ.

ಮೊದಲು ಸಿಸೇರಿಯನ್ ಆದವರ ಮಾತೇ ಬೇರೆ. ಹಳೆಯ ಹೊಲಿಗೆಯ ಜಾಗ ನೋವಿನ ಒತ್ತಡಕ್ಕೆ ಬಿರಿಯುವ ಸಂಭವವಿದೆ. ಎರಡು ಬಸುರಿನ ನಡುವೆ ಅಂತರ ಕಡಿಮೆಯಿದ್ದಷ್ಟೂ ಅಪಾಯ ಹೆಚ್ಚು. ಎಲ್ಲರಿಗೂ ಮತ್ತೆ ಕೊಯ್ಯಲೇಬೇಕೆಂದಿಲ್ಲ, ಕೆಲವರಿಗೆ ಸಹಜ ಹೆರಿಗೆಯೂ ಸಾಧ್ಯ. ಆದರೆ ಅದು ನಡೆಯಬೇಕಾದದ್ದು ಹಗಲಿರುಳು ಶಸ್ತ್ರಚಿಕಿತ್ಸೆ ಮಾಡಬಲ್ಲ, ರಕ್ತ ಸಿಗುವ ಆಸ್ಪತ್ರೆಯಲ್ಲಿ. ಮನೆಯಲ್ಲಿ ನೋವು ತಿಂದು ಕೊನೆಗೆ ಹೊರಡುವುದು ಇವರಿಗೆ ಸಲ್ಲದು.

ಆಸ್ಪತ್ರೆ ಎಂದೊಡನೆ ಜನ ಈಗ ನನ್ನ ಮುಖ ನೋಡುತ್ತಾರೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ತೀರಿಕೊಂಡರು. ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿದ್ದು, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ತಾಯಿಯನ್ನು ಕಳೆದುಕೊಂಡ ಮನೆಗಳ ಸಿಟ್ಟು ನ್ಯಾಯವಾದದ್ದು. ಔಷಧದ ಗುಣಮಟ್ಟ ಕಾಯುವುದು ಸರ್ಕಾರದ ಹೊಣೆ, ಬಸುರಿಯದಲ್ಲ. ಆದರೆ ಆ ಭಯದಿಂದ ‘ಮನೆಯಲ್ಲೇ ಆಗಲಿ’ ಎನ್ನುವವರಿಗೆ ಒಂದು ಪ್ರಶ್ನೆ. ಹಡೆದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿಯತೊಡಗಿದರೆ ಮನೆಯಲ್ಲಿ ಏನು ಮಾಡುತ್ತೀರಿ? ಅದನ್ನು ಬಿಗಿಗೊಳಿಸುವ ಇಂಜೆಕ್ಷನ್ನೂ ಏರಿಸುವ ರಕ್ತವೂ ಇರುವುದು ಆಸ್ಪತ್ರೆಯಲ್ಲೇ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ ಎಲ್ಲವೂ ಉಚಿತವಾಗಿರಬೇಕೆಂಬ ಕಾರ್ಯಕ್ರಮ 2011ರಿಂದ ಇದೆ. ಕೇಳಿ ಪಡೆಯಿರಿ.

ಅಷ್ಟು ರಕ್ತ ಹೋದರೂ ತಾಳಿಕೊಳ್ಳಲು ಮೈಯಲ್ಲಿ ರಕ್ತ ಇರಬೇಕಲ್ಲ? ಮೊದಲ ಬಾಣಂತನದಲ್ಲಿ ಸೋರಿದ ಕಬ್ಬಿಣದ ಅಂಶ ತುಂಬಿಕೊಳ್ಳುವ ಮೊದಲೇ ಮತ್ತೆ ಬಸುರಾದವರೇ ಹೆಚ್ಚು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಜೀವಕ್ಕೇ ಅಪಾಯ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ ಡಬ್ಬಿಯಲ್ಲಿ ಉಳಿದರೆ ಫಲವಿಲ್ಲ. ಚಹಾದ ಜೊತೆಯೂ ನುಂಗಬಾರದು, ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಮಲ ಕಪ್ಪಾದರೆ ಹೆದರಬೇಕಿಲ್ಲ. ಮಾತ್ರೆ ಒಗ್ಗದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಔಷಧವಿದೆ, ಆದರೆ ಅದು ಕೆಲಸ ಮಾಡಲು ವಾರಗಳು ಬೇಕು.

ಮೊದಲನೆಯದು ಹೆಣ್ಣಾಗಿದ್ದರೆ ‘ಈ ಸಲವಾದರೂ ಗಂಡಾಗಲಿ’ ಎಂಬ ಜಪವನ್ನು ದಯವಿಟ್ಟು ಆಕೆಯ ಕಿವಿಗೆ ಬೀಳುವಂತೆ ಮಾಡಬೇಡಿ. ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ತೀರ್ಮಾನವಾಗುವ ಸಂಗತಿ. ಎರಡಕ್ಕೇ ಸಾಕೆಂದರೆ ಆ ಮಾತನ್ನೂ ಗಂಡ ಹೆಂಡಿರು ಮೊದಲೇ ಕುಳಿತು ಆಡಿಕೊಳ್ಳಬೇಕು, ಹೆರಿಗೆ ವಾರ್ಡಿನ ಬಾಗಿಲಲ್ಲಿ ಅತ್ತೆ ಹೇಳುವುದಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸುಲಭ. ಅದಕ್ಕೆ ಒಪ್ಪುವ ಗಂಡಸರು ಮಾತ್ರ ದುರ್ಲಭ.

ಕಡೆಯದಾಗಿ ಮೊದಲ ಕೂಸು. ಅಮ್ಮ ಆಸ್ಪತ್ರೆಗೆ ಹೋದ ರಾತ್ರಿ ಅದು ಯಾರ ಪಕ್ಕ ಮಲಗಬೇಕೋ ಅವರ ಪಕ್ಕ ತಿಂಗಳ ಮೊದಲೇ ಮಲಗಿಸಿ ರೂಢಿ ಮಾಡಿ. ಹೆರಿಗೆಯ ದಿನವೇ ಏಕಾಏಕಿ ಅಜ್ಜಿಯ ಊರಿಗೆ ಸಾಗಹಾಕಬೇಡಿ. ‘ತಮ್ಮ ಬಂದ ಮೇಲೆ ನಿನ್ನನ್ನು ಯಾರು ಎತ್ತಿಕೊಳ್ಳುತ್ತಾರೆ?’ ಎಂದು ಕೆಣಕುವುದು ನಮ್ಮಲ್ಲಿ ತಮಾಷೆ. ಕೂಸಿಗೆ ಅದು ತಮಾಷೆಯಲ್ಲ. ಬಾಣಂತಿ ಮನೆಗೆ ಬರುವ ದಿನ ಹಸುಗೂಸನ್ನು ಬೇರೆಯವರು ಎತ್ತಿಕೊಂಡಿರಲಿ. ಓಡಿ ಬರುವ ದೊಡ್ಡ ಕೂಸಿಗೆ ಅವ್ವನ ಎರಡು ಕೈಗಳೂ ಬಿಡುವಾಗಿರಬೇಕು.